ತಿರುಕನ ಜೋಳಿಗೆಯಲ್ಲಿ ತಿರುಳ್ಗನ್ನಡ

ಹಡಗಲಿ ಸೀಮೆಯ ಹಳೆಯ ಮನೆಗಳಲ್ಲಿ ದೇವರ ಜಗುಲಿಯ ಮೇಲೆ ಕೆಂಪು ಬಟ್ಟೆ ಸುತ್ತಿದ ಉದ್ದನೆಯ ಗಂಟೊಂದು ಇರುವುದುಂಟು. ಕೆಲವು ವರ್ಷಗಳ ಹಿಂದೆ ಅಂಥದೊಂದು ಗಂಟನ್ನು ಬಿಚ್ಚಿ ನೋಡುವ ಅವಕಾಶ ನನಗೆ ಸಿಕ್ಕಿತು. ಮನೆಯ ಅಜ್ಜಿ ‘ಕೈಕಾಲು ತೊಳಕೊಂಡು ಬಾರಪ್ಪಾ, ಅದು ದೇವರೈತಿ’ ಅಂದರು. ತೊಳೆದುಕೊಂಡು ಬಂದು ಕೂತೆ. ಬಟ್ಟೆಯೊಳಗೆ ಎರಡು ಮರದ ಹಲಗೆ, ಅವುಗಳ ನಡುವೆ ನೂರಕ್ಕೂ ಮಿಕ್ಕಿದ ಓಲೆಗರಿ, ಗರಿಗಳ ತೂತಿನೊಳಗಿಂದ ಹಾಯ್ದ ಒಂದು ಸವೆದ ದಾರ. ವರ್ಷವರ್ಷವೂ ಮಾನವಮಿಗೆ ವಿಭೂತಿ ಹಚ್ಚಿ ಹಚ್ಚಿ ಮೇಲಿನ ಹಲಗೆ ಬೆಳ್ಳಗಾಗಿತ್ತು. ‘ಓದಾಕ ನಮ್ಮನ್ಯಾಗ ಯಾರಿಗೂ ಬರಂಗಿಲ್ಲ. ನಮ್ಮ ಮಾವನೋರಿಗೆ ಬರತಿತ್ತಂತ. ನಾವು ಪೂಜಿ ಮಾತ್ರ ಬಿಟ್ಟಿಲ್ಲ’ ಅಂದ ಅಜ್ಜಿ, ಕೊಂಚ ಹೊತ್ತು ನನ್ನ ಮುಖ ನೋಡಿ, ‘ಏನ್ ಬರದೈತಿ ಅದರಾಗ, ಹೇಳು’ ಎಂದು ಕೇಳಿದರು.

ಅವತ್ತು ನನ್ನಿಂದ ಸರಿಯಾದ ಉತ್ತರ ಬರಲಿಲ್ಲ. ಅಕ್ಷರಗಳು ಒಂದಕ್ಕೊಂದು ಅಂಟಿಕೊಂಡಿದ್ದವು. ಪದ ಎಲ್ಲಿ ಮುಗಿಯಿತು, ಎಲ್ಲಿ ಶುರುವಾಯಿತು ಗೊತ್ತಾಗುತ್ತಿರಲಿಲ್ಲ. ಆದರೆ ಆ ಪ್ರಶ್ನೆ ನನ್ನ ಬೆನ್ನು ಬಿಡಲಿಲ್ಲ. ಅದೇ ಪ್ರಶ್ನೆಯನ್ನು ಹೊತ್ತು ಇಡೀ ಬದುಕು ನಡೆಸಿದ ಒಬ್ಬ ಹಿರಿಯರ ನೆನಪು ಬಂತು. ಅವರ ಹೆಸರಿನ ಮುಂದೆ ಇರುವುದು ಇದೇ ಹಡಗಲಿ ತಾಲ್ಲೂಕಿನ ಒಂದು ಊರಿನ ಹೆಸರು. ಅವರು ರೆವರೆಂಡ್ ಉತ್ತಂಗಿ ಚನ್ನಪ್ಪ.

ಕಲಬುರಗಿ, 1949

ಆ ಹೆಸರು ಕನ್ನಡ ನಾಡಿನ ಉದ್ದಗಲಕ್ಕೂ ಕೇಳಿಸಿದ್ದು 1949ರಲ್ಲಿ, ಕಲಬುರಗಿಯಲ್ಲಿ ನಡೆದ 32ನೆಯ ಕನ್ನಡ ಸಾಹಿತ್ಯ ಸಮ್ಮೇಳನದಲ್ಲಿ. ಅದಕ್ಕೆ ಎರಡು ವರ್ಷ ಮೊದಲು, 1947ರಲ್ಲಿ, ಸಮ್ಮೇಳನ ಇದೇ ಸೀಮೆಯ ಹರಪನಹಳ್ಳಿಯಲ್ಲಿ ನಡೆದಿತ್ತು. 1948ರಲ್ಲಿ ಕಾಸರಗೋಡಿನಲ್ಲಿ. ಮದ್ರಾಸ್ ಪ್ರಾಂತ, ಗಡಿನಾಡು, ನಿಜಾಮರ ನೆಲ ಎಂದು ಕನ್ನಡ ಹರಿದುಹಂಚಿ ಹೋಗಿದ್ದ ಕಡೆಗೆಲ್ಲ ಸಮ್ಮೇಳನ ಹುಡುಕಿಕೊಂಡು ಹೋಗುತ್ತಿದ್ದ ಕಾಲ ಅದು. ಹೈದರಾಬಾದ್ ಸಂಸ್ಥಾನ ಭಾರತಕ್ಕೆ ಸೇರಿದ್ದು 1948ರ ಸೆಪ್ಟೆಂಬರಿನಲ್ಲಿ. ಕಚೇರಿಯಲ್ಲೂ ಶಾಲೆಯಲ್ಲೂ ಉರ್ದುವಿನ ನೆರಳಿನಲ್ಲೇ ಬಾಳಿದ ಕಲಬುರಗಿಯ ಕನ್ನಡಿಗರಿಗೆ ತಮ್ಮ ಊರಿನಲ್ಲಿ ತಮ್ಮ ನುಡಿಯ ಹಬ್ಬ ನಡೆಯುವುದೆಂದರೆ ಸಣ್ಣ ಸಂಗತಿಯಲ್ಲ. ಅಂಥ ಹಬ್ಬದ ಹಿರಿಯರಾಗಿ ನಾಡು ಆರಿಸಿದ್ದು ಒಬ್ಬ ಕ್ರೈಸ್ತ ಸಭಾಪಾಲಕರನ್ನು.

ಅವರನ್ನು ಆ ಪೀಠಕ್ಕೆ ತಂದದ್ದು ಕವಿತೆ ಅಲ್ಲ, ಕಾದಂಬರಿಯೂ ಅಲ್ಲ. ಬೇರೆಯವರ ಮಾತನ್ನು ಹುಡುಕಿ, ಒರೆಗೆ ಹಚ್ಚಿ, ಕೆಡದಂತೆ ಕಾಪಾಡಿ ನಾಡಿನ ಕೈಗೆ ಇಟ್ಟ ಕೆಲಸ. ಅವರು ತಮ್ಮನ್ನು ತಾವು ಕರೆದುಕೊಂಡದ್ದು ‘ತಿರುಳ್ಗನ್ನಡದ ತಿರುಕ’ ಎಂದು. ಈ ಹೆಸರಿನ ಎರಡು ಪದಗಳೂ ತೂಕದವು. ಕನ್ನಡದ ತಿರುಳು ಯಾವ ಸೀಮೆಯಲ್ಲಿದೆ ಎಂದು ಒಂಬತ್ತನೆಯ ಶತಮಾನದ ಕವಿರಾಜಮಾರ್ಗ ಊರುಗಳನ್ನೇ ಹೆಸರಿಸುತ್ತದೆ: ಕಿಸುವೊಳಲು, ಕೊಪಣ, ಪುಲಿಗೆರೆ, ಒಂಕುಂದ. ಕೊಪಣವೆಂದರೆ ಇಂದಿನ ಕೊಪ್ಪಳ, ಪುಲಿಗೆರೆಯೆಂದರೆ ಲಕ್ಷ್ಮೇಶ್ವರ. ಹಡಗಲಿಯಿಂದ ತುಂಗಭದ್ರಾ ಹೊಳೆ ದಾಟಿದರೆ ಆ ಸೀಮೆ ದೂರವಿಲ್ಲ. ಇನ್ನು ತಿರುಕ ಎಂದರೆ ಮನೆಮನೆ ಬಾಗಿಲಿಗೆ ಹೋಗಿ ಕೈಯೊಡ್ಡುವವನು. ಜಂಗಮನ ಜೋಳಿಗೆಯನ್ನೂ ಸರ್ವಜ್ಞನ ಅಲೆದಾಟವನ್ನೂ ಬಲ್ಲ ನಾಡಿನಲ್ಲಿ ಆ ಪದದೊಳಗೆ ಕೀಳರಿಮೆ ಇಲ್ಲ. ಚನ್ನಪ್ಪನವರು ಬೇಡಿದ್ದು ಕಾಳನ್ನಲ್ಲ, ಮಾತನ್ನು.

ಕಲ್ಲು, ತಾಮ್ರ, ಬಾಯಿ

ಉತ್ತಂಗಿಯ ಸುತ್ತಣ ನೆಲ ದಾಖಲೆಗಳ ನೆಲ. ಇಲ್ಲಿ ಚರಿತ್ರೆ ಮೂರು ಜಾಗದಲ್ಲಿ ಉಳಿದಿದೆ: ಕಲ್ಲಿನಲ್ಲಿ, ತಾಮ್ರದಲ್ಲಿ, ಜನರ ಬಾಯಲ್ಲಿ.

ತಾಮ್ರದಿಂದ ಶುರು ಮಾಡೋಣ. ಹಿರೇಹಡಗಲಿಯಲ್ಲಿ ಸಿಕ್ಕ ಎಂಟು ತಾಮ್ರದ ಹಲಗೆಗಳು ಕಂಚಿಯ ಪಲ್ಲವ ಅರಸ ಶಿವಸ್ಕಂದವರ್ಮನವು. ಸುಮಾರು ನಾಲ್ಕನೆಯ ಶತಮಾನದ ಈ ಶಾಸನದ ಭಾಷೆ ಪ್ರಾಕೃತ. ಕೊನೆಯ ಮಂಗಳವಾಕ್ಯ ಮಾತ್ರ ಸಂಸ್ಕೃತ. ಜರ್ಮನ್ ವಿದ್ವಾಂಸ ಬ್ಯೂಲರ್ ಇದನ್ನು ಓದಿ ಎಪಿಗ್ರಾಫಿಯಾ ಇಂಡಿಕಾದ ಮೊದಲ ಸಂಪುಟದಲ್ಲಿ ಅಚ್ಚು ಮಾಡಿಸಿದರು. ದಾನ ಪಡೆದ ಬ್ರಾಹ್ಮಣರಿಗೆ ಹದಿನೆಂಟು ಬಗೆಯ ವಿನಾಯಿತಿಗಳನ್ನು ಅರಸ ಅದರಲ್ಲಿ ಕೊಡುತ್ತಾನೆ. ಉಪ್ಪಿನ, ಬೆಲ್ಲದ ಲೆಕ್ಕ ಕೂಡ ಅಲ್ಲಿ ಬರುತ್ತದೆ. ಸಾವಿರದ ಆರುನೂರು ವರ್ಷದ ಹಿಂದೆ ಅರಮನೆಯ ಆಳುಗಳು ಹಳ್ಳಿಗೆ ಬಂದರೆ ಏನೇನು ಕಸಿದುಕೊಳ್ಳುತ್ತಿದ್ದರು ಎಂಬುದು ಈ ವಿನಾಯಿತಿಯ ಪಟ್ಟಿಯಿಂದ ನಮಗೆ ಗೊತ್ತಾಗುತ್ತದೆ. ಓದಬಲ್ಲವನು ಬರುವ ತನಕ ಅದು ಬರಿಯ ತಾಮ್ರ. ಓದಿದ ಮೇಲೆ ಒಂದು ಕಾಲದ ಕಣ್ಣು.

ಕಲ್ಲಿನ ಮಾತಿಗೆ ಕುರುವತ್ತಿ ಸಾಕ್ಷಿ. ಕಲ್ಯಾಣದ ಚಾಲುಕ್ಯ ದೊರೆ ಒಂದನೆಯ ಸೋಮೇಶ್ವರ ವಾಸಿಯಾಗದ ಜ್ವರದಿಂದ ಬಳಲಿ 1068ರಲ್ಲಿ ತುಂಗಭದ್ರೆಯೊಳಗೆ ಇಳಿದು ಪ್ರಾಣ ಬಿಟ್ಟ. ಅವನ ಮಗನ ಆಸ್ಥಾನದಲ್ಲಿದ್ದ ಕಾಶ್ಮೀರದ ಕವಿ ಬಿಲ್ಹಣ ಇದನ್ನು ಕಾವ್ಯದಲ್ಲಿ ಹೇಳಿದ. ಶಾಸನ ಅದು ಕುರುವತ್ತಿಯಲ್ಲಿ ಎಂದು ಜಾಗವನ್ನೇ ತೋರಿಸಿತು. ಕಾವ್ಯ ಒಂದು ಕಡೆಯಿಂದ, ಕಲ್ಲು ಇನ್ನೊಂದು ಕಡೆಯಿಂದ ಬಂದು ಹೊಳೆಯ ದಂಡೆಯಲ್ಲಿ ಕೈ ಹಿಡಿದವು. ಎರಡು ಸಾಕ್ಷಿ ಒಂದೇ ಮಾತು ಹೇಳಿದಾಗ ಚರಿತ್ರೆಕಾರನಿಗೆ ನೆಮ್ಮದಿ.

ಬಾಯಿಮಾತಿಗೆ ಹಡಗಲಿಯ ಹೆಸರೇ ಉದಾಹರಣೆ. ಇಲ್ಲಿಂದ ಹೂವು ತುಂಬಿದ ಹಡಗುಗಳು ಹೊಳೆಯ ಮೇಲೆ ವಿಜಯನಗರಕ್ಕೆ ಹೋಗುತ್ತಿದ್ದವು, ಅದಕ್ಕೇ ಹೂವಿನಹಡಗಲಿ ಎಂದು ಜನ ಹೇಳುತ್ತಾರೆ. ಆದರೆ ವಿಜಯನಗರ ಹುಟ್ಟುವುದಕ್ಕೂ ಮುಂಚಿನ ಶಾಸನಗಳಲ್ಲಿ ಪಡಂಗಿಲೆ ಎಂಬ ಹಳೆಯ ರೂಪ ಇದೆ. ಕಥೆ ಸುಳ್ಳೆಂದು ಬಿಸಾಡಬೇಕಿಲ್ಲ; ಹೊಳೆಗೂ ಹಂಪಿಗೂ ಈ ಊರಿಗೂ ಇದ್ದ ನಂಟನ್ನು ಜನ ನೆನಪಿಟ್ಟ ಬಗೆ ಅದು. ಆದರೆ ಹೆಸರಿನ ಹುಟ್ಟಿಗೆ ಅದನ್ನು ಸಾಕ್ಷಿ ಮಾಡಲಾಗದು. ಇದೇ ತಾಲ್ಲೂಕಿನ ಮೈಲಾರದಲ್ಲಿ ಭರತ ಹುಣ್ಣಿಮೆಯ ಜಾತ್ರೆಗೆ ಗೊರವಯ್ಯ ಬಿಲ್ಲನ್ನೇರಿ ಒಂದೇ ವಾಕ್ಯದ ಕಾರಣಿಕ ನುಡಿಯುತ್ತಾನೆ. ಲಕ್ಷ ಜನ ಉಸಿರು ಬಿಗಿಹಿಡಿದು ಕೇಳಿ, ಆ ವಾಕ್ಯವನ್ನು ತಂತಮ್ಮ ಊರಿಗೆ ಒಯ್ಯುತ್ತಾರೆ. ಒಂದು ನುಡಿ ಬಾಯಿಂದ ಬಾಯಿಗೆ ಹೇಗೆ ಸಾಗುತ್ತದೆ, ಸಾಗುತ್ತಾ ಹೇಗೆ ಅಷ್ಟಿಷ್ಟು ಮಾರ್ಪಡುತ್ತದೆ ಎಂದು ತಿಳಿಯಲು ಇದಕ್ಕಿಂತ ದೊಡ್ಡ ಪಾಠಶಾಲೆ ಬೇಡ.

ಚನ್ನಪ್ಪನವರ ಕಾಲಕ್ಕೆ ಈ ಸೀಮೆಯನ್ನು ತುಂಗಭದ್ರೆ ಆಡಳಿತದಲ್ಲೂ ಸೀಳಿತ್ತು. ಹಡಗಲಿ, ಹರಪನಹಳ್ಳಿ, ಕೂಡ್ಲಿಗಿ ಮದ್ರಾಸ್ ಪ್ರಾಂತದ ಬಳ್ಳಾರಿ ಜಿಲ್ಲೆಯಲ್ಲಿ. ಹೊಳೆಯಾಚೆಯ ಮುಂಡರಗಿ ಮುಂಬಯಿ ಪ್ರಾಂತದ ಧಾರವಾಡ ಜಿಲ್ಲೆಯಲ್ಲಿ. ಕೊಪ್ಪಳ ನಿಜಾಮರ ಕೈಯಲ್ಲಿ. ಒಂದೇ ತ್ರಿಪದಿಯನ್ನು ಮೂರು ಸರ್ಕಾರಗಳ ಪ್ರಜೆಗಳು ಒಂದೇ ಧಾಟಿಯಲ್ಲಿ ಹಾಡುತ್ತಿದ್ದರು.

ಮೂರು ಹೆಸರು ಹೊತ್ತ ಮನೆ

ಚನ್ನಪ್ಪನವರು ಹುಟ್ಟಿದ್ದು ಧಾರವಾಡದಲ್ಲಿ, 1881ರ ಅಕ್ಟೋಬರ್ 28ರಂದು. ತಂದೆ ದಾನಿಯೇಲಪ್ಪ, ತಾಯಿ ಸುಭಕ್ತವ್ವ. ಬೈಬಲಿನ ಪ್ರವಾದಿ ದಾನಿಯೇಲನಿಗೆ ನಮ್ಮ ಕಡೆಯ ‘ಅಪ್ಪ’ ಸೇರಿ ತಂದೆಯ ಹೆಸರಾಯಿತು. ಮಗನಿಗೆ ಬಂದದ್ದು ಲಿಂಗಾಯತ ಮನೆಗಳಲ್ಲಿ ತಲೆಮಾರುಗಳಿಂದ ಇಟ್ಟುಕೊಂಡು ಬಂದ ಹೆಸರು. ಮುಂದೆ ನಿಂತದ್ದು ಊರಿನ ಹೆಸರು, ಉತ್ತಂಗಿ. ಮತ ಬದಲಾದರೂ ಮನೆಯವರು ಊರನ್ನೂ ನುಡಿಯನ್ನೂ ಬಿಟ್ಟುಕೊಡಲಿಲ್ಲ ಎನ್ನುವುದಕ್ಕೆ ಈ ಹೆಸರುಗಳೇ ಸಾಕು.

ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಶನ್ ಮಂಗಳೂರಿಗೆ ಕಾಲಿಟ್ಟದ್ದು 1834ರಲ್ಲಿ. ಮೂರೇ ವರ್ಷದಲ್ಲಿ, 1837ಕ್ಕೆ, ಅದು ಧಾರವಾಡಕ್ಕೆ ಬಂತು. ಆಮೇಲೆ ಹುಬ್ಬಳ್ಳಿ, ಬೆಟಗೇರಿ. ಈ ಮಿಶನ್‌ನವರು ಮತ ಪ್ರಚಾರಕ್ಕೆಂದೇ ಬಂದವರು. ಆದರೆ ಜನರ ನುಡಿ ಕಲಿಯದೆ ಅದು ಆಗದು. ಕಲಿಯಲು ಕೂತವರಲ್ಲಿ ಕೆಲವರು ಆ ನುಡಿಗೇ ಮನಸೋತರು. ಹರ್ಮನ್ ಮೋಗ್ಲಿಂಗ್ 1843ರಲ್ಲಿ ಕನ್ನಡದ ಮೊದಲ ಪತ್ರಿಕೆ ಮಂಗಳೂರ ಸಮಾಚಾರ ಹೊರಡಿಸಿದರು. ಬಸವಪುರಾಣ, ಜೈಮಿನಿ ಭಾರತ, ದಾಸರ ಪದಗಳನ್ನು ಕಲ್ಲಚ್ಚಿನಲ್ಲಿ ಅಚ್ಚು ಮಾಡಿಸಿದರು. ಫರ್ಡಿನೆಂಡ್ ಕಿಟೆಲ್ ಅವರ ಕನ್ನಡ-ಇಂಗ್ಲಿಷ್ ನಿಘಂಟು 1894ರಲ್ಲಿ ಬಂದಾಗ ಚನ್ನಪ್ಪನವರು ಹದಿಮೂರರ ಹುಡುಗ.

ಮಂಗಳೂರಿನ ಬಾಸೆಲ್ ಮಿಶನ್ ಸೆಮಿನರಿಯಲ್ಲಿ ಅವರು ದೇವಶಾಸ್ತ್ರ ಓದಿದರು. ಸೆಮಿನರಿಯ ಓದು ಎಂದರೆ ಒಂದು ಗ್ರಂಥವನ್ನು ಸಾಲು ಸಾಲಾಗಿ, ಪದ ಪದವಾಗಿ ಬಿಡಿಸಿ ಓದುವುದು. ಈ ಮಾತನ್ನು ಯಾರು ಯಾರಿಗೆ ಯಾವಾಗ ಹೇಳಿದರು, ಯಾವ ಪ್ರತಿಯಲ್ಲಿ ಹೇಗಿದೆ, ಮೂಲದ ಪದಕ್ಕೆ ಆ ಕಾಲದಲ್ಲಿ ಏನರ್ಥ ಎಂದು ಪ್ರತಿ ಸಾಲಿಗೂ ಕೇಳುವುದು. ವೇದವಾಕ್ಯ ಎಂದ ಮಾತ್ರಕ್ಕೆ ಈ ಪ್ರಶ್ನೆಗಳಿಗೆ ರಿಯಾಯಿತಿ ಇಲ್ಲ; ವೇದವಾಕ್ಯವಾದ್ದರಿಂದಲೇ ಇನ್ನಷ್ಟು ಎಚ್ಚರ ಬೇಕು. ಮುಂದೆ ಸಭಾಪಾಲಕರಾಗಿ ಹುಬ್ಬಳ್ಳಿ, ಧಾರವಾಡ, ಗದಗದ ಸೀಮೆಯಲ್ಲಿ ದುಡಿದಾಗ ಈ ಅಭ್ಯಾಸವನ್ನು ಅವರು ತಮ್ಮ ಸುತ್ತಣ ಕನ್ನಡದ ಮೇಲೆ ಹರಿಸಿದರು.

1914ರಲ್ಲಿ ಮೊದಲ ಮಹಾಯುದ್ಧ ಶುರುವಾಗಿ ಜರ್ಮನ್ ಮಿಶನರಿಗಳನ್ನು ಬ್ರಿಟಿಷ್ ಸರ್ಕಾರ ಬಂಧಿಸಿ, ಆಮೇಲೆ ದೇಶದಾಚೆ ಕಳಿಸಿತು. ಹೆಂಚಿನ ಕಾರ್ಖಾನೆ, ನೇಯ್ಗೆಯ ಕಾರ್ಖಾನೆ ಕೈಬಿಟ್ಟವು. ಸಭೆಗಳ ಭಾರ ಸ್ಥಳೀಯ ಪಾದ್ರಿಗಳ ಹೆಗಲಿಗೆ ಬಿತ್ತು. ತ್ರಿಪದಿಗಳ ಕವಿ ಸರ್ವಜ್ಞನಿಗಾಗಿ ಚನ್ನಪ್ಪನವರ ಹುಡುಕಾಟ ನಡೆದದ್ದು ಇಂಥ ದಿನಗಳಲ್ಲಿ.

ಸರ್ವಜ್ಞನನ್ನು ಕೂಡಿಸಿದ್ದು

ಇಪ್ಪತ್ತನೆಯ ಶತಮಾನದ ಆರಂಭಕ್ಕೆ ಸರ್ವಜ್ಞ ಎಲ್ಲರ ಬಾಯಲ್ಲೂ ಇದ್ದ; ಎಲ್ಲೂ ಇಡಿಯಾಗಿ ಇರಲಿಲ್ಲ. ರಾಗಿ ಜೋಳ ಬೀಸುವ ಹೆಂಗಸಿಗೆ ನಾಲ್ಕು, ಚಾವಡಿಯ ಗೌಡನಿಗೆ ಹತ್ತು, ಮಠದ ಅಯ್ಯನವರಿಗೆ ಐವತ್ತು, ಶಾಲೆಯ ಮಾಸ್ತರರಿಗೆ ಪಠ್ಯದಲ್ಲಿ ಬಂದ ಆರು. ತ್ರಿಪದಿ ಬೀಸುಕಲ್ಲಿನ ಮಟ್ಟು. ಕಲ್ಲು ತಿರುಗಿದ ಹಾಗೆ ಅದೂ ತಿರುಗುತ್ತದೆ. ಒಮ್ಮೆ ಕಿವಿಗೆ ಬಿದ್ದರೆ ಮರೆಯುವುದಿಲ್ಲ. ಇದೇ ಅದರ ಬಲ, ಇದೇ ಅದರ ತೊಡಕು. ಮಟ್ಟು ಅಷ್ಟು ಸಲೀಸಾದ್ದರಿಂದ ಯಾರು ಬೇಕಾದರೂ ಮೂರು ಸಾಲು ಕಟ್ಟಿ ಕೊನೆಗೆ ಸರ್ವಜ್ಞ ಎಂದು ಸೇರಿಸಬಹುದಿತ್ತು, ಸೇರಿಸಿದ್ದರು ಕೂಡ. ಒಂದು ಊರಿನಲ್ಲಿ ಒಂದು ಜಾತಿಯನ್ನು ಬಯ್ಯುವ ಪದ್ಯ ಇನ್ನೊಂದು ಊರಿನಲ್ಲಿ ಇನ್ನೊಂದು ಜಾತಿಯ ಹೆಸರು ಹೊತ್ತು ನಿಂತಿರುತ್ತಿತ್ತು.

ಚನ್ನಪ್ಪನವರು ಊರೂರು ತಿರುಗಿದರು. ಓಲೆಗರಿಗಳನ್ನೂ ಕೈಬರಹದ ಕಾಗದದ ಪ್ರತಿಗಳನ್ನೂ ಜನರ ಬಾಯಿಪಾಠವನ್ನೂ ಒಂದುಗೂಡಿಸಿದರು. ಓಲೆ ಓದುವ ಕಷ್ಟ ಎಷ್ಟು ಎಂದು ಕೈಯಲ್ಲಿ ಹಿಡಿದವರಿಗೇ ಗೊತ್ತು. ಕಬ್ಬಿಣದ ಕಂಟದಿಂದ ಕೊರೆದ ಅಕ್ಷರಕ್ಕೆ ಬಣ್ಣವಿಲ್ಲ. ಕಾಡಿಗೆಯ ಮಸಿಯನ್ನು ಗರಿಯ ಮೇಲೆ ತಿಕ್ಕಿ, ಬಟ್ಟೆಯಿಂದ ಮೆಲ್ಲಗೆ ಒರೆಸಿದರೆ ಗೀರಿನೊಳಗೆ ಕಪ್ಪು ಉಳಿದು ಅಕ್ಷರ ಮೇಲೇಳುತ್ತದೆ. ಜೋರಾಗಿ ಒರೆಸಿದರೆ ಹಳೆಯ ಗರಿ ಚಕ್ಕೆ ಏಳುತ್ತದೆ. ಹ್ರಸ್ವ ದೀರ್ಘದ ಗುರುತು ಹಲವು ಪ್ರತಿಗಳಲ್ಲಿ ಇರುವುದೇ ಇಲ್ಲ; ‘ಎ’ ಯಾವುದು ‘ಏ’ ಯಾವುದು ಎಂದು ಛಂದಸ್ಸು ಹಿಡಿದು ಊಹಿಸಬೇಕು. ಹುಳ ಕೊರೆದ ಜಾಗದಲ್ಲಿ ಒಂದು ಅಕ್ಷರ ಹೋದರೆ ಅರ್ಥವೇ ತಲೆಕೆಳಗು. ಗರಿಗಳ ದಾರ ಹರಿದು ಯಾವಾಗಲೋ ಯಾರೋ ತೋಚಿದ ಹಾಗೆ ಪೋಣಿಸಿದ್ದರೆ, ಹತ್ತನೆಯ ಗರಿಯ ನಂತರ ಅರವತ್ತನೆಯದು ಬಂದು ಕೂತಿರುತ್ತದೆ.

ಇಷ್ಟೆಲ್ಲ ದಾಟಿ 1924ರಲ್ಲಿ ‘ಸರ್ವಜ್ಞನ ವಚನಗಳು’ ಹೊರಬಂತು. ಸುಮಾರು ಎರಡು ಸಾವಿರ ತ್ರಿಪದಿ; ವಿಷಯವಾರು ಹೊಂದಿಸಿದ್ದು; ಕವಿಯ ಊರು, ಕಾಲ, ಬಾಳು, ಮತ ಎಲ್ಲವನ್ನೂ ಚರ್ಚಿಸುವ ಪೀಠಿಕೆಯ ಜೊತೆಗೆ. ಅಬಲೂರಿನ ಕುಂಬಾರಗಿತ್ತಿ ಮಾಳಿ, ಮಾಸೂರಿನ ಬಸವರಸ ಎಂದು ಪದ್ಯಗಳೇ ಹೇಳಿಕೊಳ್ಳುವ ಹುಟ್ಟಿನ ಕಥೆಯನ್ನು ಆ ಪೀಠಿಕೆ ಬರಿ ಕಥೆಯೆಂದು ದಾಟಿ ಹೋಗಲಿಲ್ಲ. ಅಲ್ಲಿಂದ ಮುಂದೆ ಸರ್ವಜ್ಞನ ಮೇಲೆ ಬರೆದವರೆಲ್ಲ, ಒಪ್ಪಲಿ ಬಿಡಲಿ, ಈ ಪುಸ್ತಕದ ಹೊಸ್ತಿಲು ದಾಟಿಯೇ ಒಳಗೆ ಹೋಗಬೇಕಾಯಿತು. ಹಾದಿಬೀದಿಯಲ್ಲಿ ಚೆಲ್ಲಿಹೋಗಿದ್ದ ಕವಿಗೆ ಒಂದು ಮನೆ ಕಟ್ಟಿಕೊಟ್ಟದ್ದು ಒಬ್ಬ ಪಾದ್ರಿ.

ಪ್ಯಾರಿಸಿನ ಸನ್ಯಾಸಿ

ಚನ್ನಪ್ಪನವರ ಈ ಕೆಲಸಕ್ಕೆ ಅವರದೇ ಧರ್ಮದೊಳಗೆ ಒಬ್ಬ ಹಿರಿಯಣ್ಣ ಇದ್ದರು. ಕ್ರೈಸ್ತರಲ್ಲಿ ಬೆನೆಡಿಕ್ಟೈನ್ ಎಂಬ ಸನ್ಯಾಸಿಗಳ ಪಂಥ ಇದೆ. ಆರನೆಯ ಶತಮಾನದಲ್ಲಿ ಇಟಲಿಯ ಮಾಂಟೆ ಕಸಿನೊದಲ್ಲಿ ಮಠ ಕಟ್ಟಿದ ಸಂತ ಬೆನೆಡಿಕ್ಟರ ನೇಮದಂತೆ ಬಾಳುವವರು ಅವರು. ದಿನದಲ್ಲಿ ಪ್ರಾರ್ಥನೆಗೆ ಹೊತ್ತು, ಕೈಕೆಲಸಕ್ಕೆ ಹೊತ್ತು, ಓದಿಗೆ ಹೊತ್ತು. ಕಾಯಕದ ನಾಡಿನವರಾದ ನಮಗೆ ಇದು ಹೊಸದಲ್ಲ. ಯೂರೋಪಿನ ಹಳೆಯ ಗ್ರಂಥಗಳು ಉಳಿದಿರುವುದರಲ್ಲಿ ಈ ಮಠಗಳ ಬರಹಗಾರರ ಪಾಲು ದೊಡ್ಡದು.

ಈ ಪಂಥದ ಜಾನ್ ಮಬಿಯೋನ್ 1632ರಲ್ಲಿ ಫ್ರಾನ್ಸಿನಲ್ಲಿ ಹುಟ್ಟಿ, ಪ್ಯಾರಿಸಿನ ಸಾನ್-ಜೆರ್ಮೆನ್-ದೆ-ಪ್ರೇ ಮಠದಲ್ಲಿ ಹಳೆಯ ಕಾಗದಪತ್ರಗಳ ನಡುವೆ ಬಾಳಿದರು. 1675ರಲ್ಲಿ ಪಾಪೆಬ್ರೋಕ್ ಎಂಬ ಜೆಸ್ವಿಟ್ ವಿದ್ವಾಂಸರು, ಬೆನೆಡಿಕ್ಟೈನ್ ಮಠಗಳಲ್ಲಿರುವ ಅತಿ ಹಳೆಯ ದಾನಪತ್ರಗಳನ್ನು ನಂಬುವಂತಿಲ್ಲ ಎಂದು ಬರೆದರು. ಮಠದ ಮಾನದ ಪ್ರಶ್ನೆ. ಮಬಿಯೋನ್ ರೇಗಲಿಲ್ಲ. ಆರು ವರ್ಷ ತೆಗೆದುಕೊಂಡು ನೂರಾರು ಪತ್ರಗಳನ್ನು ಮುಂದಿಟ್ಟುಕೊಂಡು ನೋಡಿದರು: ಚರ್ಮದ ಹದ, ಮಸಿ, ಅಕ್ಷರದ ತಿರುವು, ಮುದ್ರೆ, ಭಾಷೆ, ತಾರೀಖು ಹಾಕುವ ರೀತಿ. ಯಾವುದು ನಿಜ, ಯಾವುದು ಕೃತಕ ಎಂದು ಅಳೆಯುವ ನಿಯಮಗಳನ್ನು ಕಟ್ಟಿ 1681ರಲ್ಲಿ ‘ದೆ ರೆ ದಿಪ್ಲೊಮಾಟಿಕಾ’ ಎಂಬ ಗ್ರಂಥ ಹೊರತಂದರು. ದಾಖಲೆಶಾಸ್ತ್ರ ಹುಟ್ಟಿದ್ದು ಅಲ್ಲಿ. ಅದನ್ನು ಓದಿದ ಪಾಪೆಬ್ರೋಕ್ ತಾವು ಸೋತೆವೆಂದು ಒಪ್ಪಿ ಪತ್ರ ಬರೆದರು. ಸೋತವರೂ ಗೆದ್ದವರೂ ಸತ್ಯದ ಮುಂದೆ ಒಂದೇ ಎತ್ತರಕ್ಕೆ ನಿಂತ ಗಳಿಗೆ ಅದು.

ಮಬಿಯೋನರನ್ನು ಇನ್ನೊಂದು ಪ್ರಶ್ನೆಯೂ ಎದುರಿಸಿತು. ಸನ್ಯಾಸಿಗೆ ಪ್ರಾರ್ಥನೆ ಮತ್ತು ಮೈದುಡಿಮೆ ಸಾಕು, ಪಾಂಡಿತ್ಯ ಅಹಂಕಾರ ತರುತ್ತದೆ ಎಂದು ಲಾ ಟ್ರಾಪ್ ಮಠದ ಒಡೆಯ ರಾನ್ಸೆ ವಾದಿಸಿದರು. ಓದು ಕೂಡ ಸನ್ಯಾಸಿಯ ದುಡಿಮೆಯೇ ಎಂದು 1691ರಲ್ಲಿ ಮಬಿಯೋನ್ ಒಂದು ಇಡೀ ಪುಸ್ತಕದಲ್ಲಿ ಉತ್ತರ ಕೊಟ್ಟರು. ಚನ್ನಪ್ಪನವರು ಸನ್ಯಾಸಿಯಲ್ಲ, ಅವರ ಪ್ರಾಟೆಸ್ಟಂಟ್ ಸಭೆಯಲ್ಲಿ ಸನ್ಯಾಸವೂ ಇಲ್ಲ. ಆದರೆ ಭಾನುವಾರ ಸುವಾರ್ತೆ ಸಾರುವ ಪಾದ್ರಿಗೆ ಉಳಿದ ಆರು ದಿನ ಸರ್ವಜ್ಞನ ತ್ರಿಪದಿಯ ಜೊತೆ ಏನು ಕೆಲಸ ಎಂಬ ಪ್ರಶ್ನೆಗೆ ಅವರ ಬದುಕು ಕೊಟ್ಟ ಉತ್ತರವೂ ಅದೇ. ನಿಜವನ್ನು ಹುಡುಕುವುದು ಭಕ್ತಿಯ ಹೊರಗಿನ ಕೆಲಸವಲ್ಲ.

ಹಂಪೆಯ ವಿರಕ್ತರು

ಇನ್ನು ನಮ್ಮದೇ ನೆಲದ ಹಿರಿಯರ ಕಡೆ ನೋಡೋಣ. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಹುಟ್ಟಿದ ವಚನಗಳು ಇಂದು ನಮ್ಮ ಕೈಯಲ್ಲಿರುವುದು ಹಡಗಲಿಯಿಂದ ಹೊಳೆಯ ಕೆಳಗಡೆ ಇರುವ ಹಂಪೆಯಲ್ಲಿ ಹದಿನೈದನೆಯ ಶತಮಾನದಲ್ಲಿ ಕೂತು ದುಡಿದ ವಿರಕ್ತರಿಂದ. ವಿಜಯನಗರದ ಅರಸ ಇಮ್ಮಡಿ ದೇವರಾಯ, ಅಂದರೆ ಪ್ರೌಢದೇವರಾಯ, 1424ರಿಂದ 1446ರ ತನಕ ಆಳಿದ. ಅವನ ಕಾಲದ ನೂರೊಂದು ವಿರಕ್ತರ ನೆನಪು ವೀರಶೈವ ಪರಂಪರೆಯಲ್ಲಿ ಗಟ್ಟಿಯಾಗಿದೆ. ಅವನ ದಂಡನಾಯಕ ಲಕ್ಕಣ್ಣ ದಂಡೇಶ ‘ಶಿವತತ್ತ್ವಚಿಂತಾಮಣಿ’ ಬರೆದ. ಚಾಮರಸ ‘ಪ್ರಭುಲಿಂಗಲೀಲೆ’ ಬರೆದ. ಜಕ್ಕಣಾರ್ಯ, ಮಹಲಿಂಗದೇವ ಮೊದಲಾದವರು ಚದುರಿದ ವಚನಗಳನ್ನು ಸಾಧನೆಯ ಮೆಟ್ಟಿಲುಗಳಾದ ಸ್ಥಲಗಳಿಗೆ ತಕ್ಕಂತೆ ಹೊಂದಿಸಿ ಕಟ್ಟು ಕಟ್ಟಿದರು. ಶಿವಗಣಪ್ರಸಾದಿ ಮಹದೇವಯ್ಯ ವಚನಗಳನ್ನು ಸಂವಾದದ ರೂಪಕ್ಕೆ ಪೋಣಿಸಿ ಶೂನ್ಯಸಂಪಾದನೆಯನ್ನು ರಚಿಸಿದ. ಹಲಗೆಯಾರ್ಯ, ಗುಮ್ಮಳಾಪುರದ ಸಿದ್ಧಲಿಂಗ, ಗೂಳೂರು ಸಿದ್ಧವೀರಣಾರ್ಯ ಅದನ್ನು ಒಬ್ಬರಾದ ಮೇಲೊಬ್ಬರು ಪರಿಷ್ಕರಿಸಿದರು. 1565ರಲ್ಲಿ ವಿಜಯನಗರ ಪಟ್ಟಣ ಬಿದ್ದಿತು. ಓಲೆಯ ಕಟ್ಟುಗಳು ಮಠಗಳಿಗೆ, ಮನೆಗಳಿಗೆ ಚದುರಿ ಹೋದವು. ಅಲ್ಲಿ ಅವು ಪೂಜೆಗೊಂಡವು; ನಿಧಾನವಾಗಿ ಓದುವವರು ಇಲ್ಲವಾದರು.

ಮುನ್ನೂರು ವರ್ಷಕ್ಕೂ ಮಿಕ್ಕಿದ ಮೌನವನ್ನು ಮುರಿದವರಲ್ಲಿ ಪ್ರಮುಖರು ಫ. ಗು. ಹಳಕಟ್ಟಿಯವರು. ಚನ್ನಪ್ಪನವರಿಗಿಂತ ಒಂದು ವರ್ಷ ಹಿರಿಯರು, ಧಾರವಾಡದಲ್ಲೇ 1880ರಲ್ಲಿ ಹುಟ್ಟಿದವರು, ವಿಜಯಪುರದ ವಕೀಲರು. ಅವರ ‘ವಚನಶಾಸ್ತ್ರಸಾರ’ದ ಮೊದಲ ಭಾಗ ಬಂದದ್ದು 1923ರಲ್ಲಿ, ಚನ್ನಪ್ಪನವರ ಸರ್ವಜ್ಞನಿಗಿಂತ ಒಂದೇ ವರ್ಷ ಮೊದಲು. ಒಬ್ಬರು ಲಿಂಗಾಯತರು, ಒಬ್ಬರು ಕ್ರೈಸ್ತರು. ಒಂದೇ ಊರಿನ ನೀರು ಕುಡಿದು ಬೆಳೆದ ಇಬ್ಬರು ಒಂದು ವರ್ಷದ ಅಂತರದಲ್ಲಿ ಕನ್ನಡದ ಎರಡು ದೊಡ್ಡ ಗಣಿಗಳ ಬಾಯಿ ತೆರೆದರು. ಆಮೇಲೆ ಚನ್ನಪ್ಪನವರೂ ವಚನಗಳ ಕಡೆ ತಿರುಗಿದರು. ಕಟ್ಟಿಗೆ ಮಾರಿ ಬಾಳಿದ ಮೋಳಿಗೆ ಮಾರಯ್ಯ, ಅವನ ಮಡದಿ ಮಹಾದೇವಿ, ಸೊನ್ನಲಿಗೆಯ ಸಿದ್ಧರಾಮ, ಸೌರಾಷ್ಟ್ರದಿಂದ ಪುಲಿಗೆರೆಗೆ ಬಂದ ಆದಯ್ಯ, ಇವರ ವಚನಗಳು ಅವರ ಕೈಯಿಂದ ಪರಿಷ್ಕಾರಗೊಂಡು ಹೊರಬಂದವು. ಇವೆಲ್ಲ ಅವರ ಸಭೆಯ ಗ್ರಂಥಗಳಲ್ಲ. ಬೈಬಲನ್ನು ಓದಿದ ಎಚ್ಚರದಿಂದಲೇ ಅವನ್ನೂ ಓದಿದರು.

ಇದ್ದಿತೋ ಇಲ್ಲವೋ

1950ರ ದಶಕದ ಹೊಸ್ತಿಲಲ್ಲಿ ಕನ್ನಡ ವಿದ್ವಾಂಸರ ನಡುವೆ ಒಂದು ದೊಡ್ಡ ವಾದ ಎದ್ದಿತು. ಬಸವಣ್ಣನವರ ಕಲ್ಯಾಣದಲ್ಲಿ ಅನುಭವ ಮಂಟಪ ಎಂಬ ಸಂಸ್ಥೆ ನಿಜವಾಗಿ ಇದ್ದಿತೋ, ಇಲ್ಲವೇ ಅದು ಮುಂದಿನವರ ಕಲ್ಪನೆಯೋ? ಸಂದೇಹಕ್ಕೆ ಆಧಾರ ಇಲ್ಲದೇ ಇರಲಿಲ್ಲ. ಬಸವಣ್ಣನವರ ಹೆಸರು ಬರುವ ಅರ್ಜುನವಾಡದ ಶಾಸನವೇ 1260ರದು. ಅವರು ಐಕ್ಯರಾಗಿ ಆಗಲೇ ಒಂಬತ್ತು ದಶಕ ಕಳೆದಿತ್ತು. ಮಂಟಪದ ಸಂವಾದವನ್ನು ಕಣ್ಣಿಗೆ ಕಟ್ಟುವಂತೆ ಕೊಡುವ ಶೂನ್ಯಸಂಪಾದನೆ ಇನ್ನೂ ಈಚೆಯದು. ಕಲ್ಲು ಹೇಳದ ಮಾತನ್ನು ಕಾವ್ಯ ಹೇಳಿದರೆ ನಂಬುವುದೆಂತು?

ಲಿಂಗಾಯತ ಸಮಾಜದ ಹೃದಯಕ್ಕೆ ತಾಗಿದ ಪ್ರಶ್ನೆ ಇದು. ಉತ್ತರಕ್ಕೆ ಮುಂದೆ ಬಂದವರಲ್ಲಿ ಚನ್ನಪ್ಪನವರು ಇದ್ದರು. ‘ಅನುಭವ ಮಂಟಪದ ಐತಿಹಾಸಿಕತೆ’ ಎಂಬ ಪುಸ್ತಕವನ್ನೇ ಬರೆದು, ಮಂಟಪ ಇದ್ದಿತು ಎಂದು ವಾದಿಸಿದರು. ಅವರು ಊರಿದ ನೆಲೆ ವಚನಗಳ ಒಳಸಾಕ್ಷ್ಯ. ಒಬ್ಬ ಶರಣ ಇನ್ನೊಬ್ಬ ಶರಣನ ಹೆಸರು ಹಿಡಿದು ಮಾತಾಡುವ ಬಗೆ, ಪ್ರಶ್ನೆಗೆ ಪ್ರಶ್ನೆ ಕೊಡುವ ಬಗೆ, ಗೋಷ್ಠಿಯನ್ನು ನೆನೆಯುವ ಬಗೆ. ಸಾವಿರಾರು ವಚನಗಳನ್ನು ಕೈಯಾರೆ ತಿದ್ದಿ ಓದಿದವರು ಮಾತ್ರ ಕಟ್ಟಬಹುದಾದ ವಾದ ಅದು. ಆ ಚರ್ಚೆ ಇವತ್ತಿಗೂ ಮುಗಿದಿಲ್ಲ. ಮಂಟಪ ಕಟ್ಟಡವೋ ಕೂಟವೋ ಎಂದು ಹೊಸ ಹೊಸ ರೀತಿಯಲ್ಲಿ ಕೇಳುವವರು ಇದ್ದೇ ಇದ್ದಾರೆ. ಕೇಳಬೇಕು ಕೂಡ. ನನಗೆ ದೊಡ್ಡದಾಗಿ ಕಾಣುವುದು ಚನ್ನಪ್ಪನವರು ನಿಂತ ನಿಲುವು. ಬೇರೊಂದು ಧರ್ಮದ ಸಭಾಪಾಲಕರು ಶರಣರ ಪರವಾಗಿ ಸಾಕ್ಷಿ ಹೇಳಲು ಎದ್ದು ನಿಂತರು. ಶ್ರದ್ಧೆಯ ಹೆಸರಿನಲ್ಲಿ ಬಾಯಿ ಮುಚ್ಚಿಸಲಿಲ್ಲ, ಸಾಕ್ಷ್ಯದ ಹೆಸರಿನಲ್ಲಿ ಮಾತಾಡಿದರು. ಮಬಿಯೋನ್ ತಮ್ಮ ಮಠದ ಪತ್ರಗಳಿಗಾಗಿ ಮಾಡಿದ್ದನ್ನು ಇವರು ನೆರೆಮನೆಯವರ ಓಲೆಗಳಿಗಾಗಿ ಮಾಡಿದರು. ತನ್ನ ಮನೆಯ ದೇವರಿಗೆ ದೀಪ ಹಚ್ಚುವುದು ಎಲ್ಲರಿಗೂ ಗೊತ್ತು. ನೆರೆಮನೆಯ ದೀಪಕ್ಕೆ ಎಣ್ಣೆ ಹೊಯ್ಯಲು ದೊಡ್ಡ ಮನಸ್ಸು ಬೇಕು.

1953ರ ಅಕ್ಟೋಬರ್ 1ರಂದು ಬಳ್ಳಾರಿ ಜಿಲ್ಲೆಯ ಬಹುಭಾಗ ಮೈಸೂರಿಗೆ ಸೇರಿತು. ಉತ್ತಂಗಿ ಎಂಬ ಊರು ಮದ್ರಾಸಿನ ನಂಟು ಕಳಚಿಕೊಂಡಿತು. 1956ರ ನವೆಂಬರ್ 1ರಂದು ಹೊಳೆಯ ಎರಡೂ ದಡ, ಧಾರವಾಡ, ಕೊಪ್ಪಳ, ಕಲಬುರಗಿ ಎಲ್ಲ ಒಂದೇ ರಾಜ್ಯದೊಳಗೆ ಬಂದವು. ತಿರುಳ್ಗನ್ನಡದ ತಿರುಕ ಅದನ್ನು ಕಣ್ಣಾರೆ ಕಂಡರು. 1962ರ ಆಗಸ್ಟ್ 28ರಂದು ತೀರಿಕೊಂಡರು.

ಅಜ್ಜಿಯ ಪ್ರಶ್ನೆ

ಓಲೆಯ ಕಟ್ಟುಗಳ ಕೊನೆಯಲ್ಲಿ ಪ್ರತಿ ಮಾಡಿದವನು ಸಾಮಾನ್ಯವಾಗಿ ಒಂದೆರಡು ಸಾಲು ತನ್ನ ಮಾತು ಬರೆಯುತ್ತಾನೆ. ಇಂಥ ಸಂವತ್ಸರ, ಇಂಥ ಮಾಸದಲ್ಲಿ ಬರೆದು ಮುಗಿಸಿದೆ. ತಪ್ಪಿದ್ದರೆ ತಿಳಿದವರು ತಿದ್ದಿ ಓದಬೇಕು ಎಂಬ ಅರ್ಥದ ಬಿನ್ನಹ. ಆ ಬಿನ್ನಹದಲ್ಲಿ ಒಂದು ನಂಬಿಕೆ ಇದೆ: ಮುಂದೆ ಯಾರೋ ಒಬ್ಬ ಇದನ್ನು ಓದುತ್ತಾನೆ ಎಂಬ ನಂಬಿಕೆ. ಪೂಜೆ ಮಾಡಿ ಎಂದು ಯಾವ ಲಿಪಿಕಾರನೂ ಬೇಡಿಕೊಂಡದ್ದನ್ನು ನಾನು ಕಂಡಿಲ್ಲ. ಓದಿ ಎಂದೇ ಅವರೆಲ್ಲ ಕೇಳಿಕೊಂಡದ್ದು.

ಪೂಜೆಯನ್ನು ನಾನು ಹಳಿಯುವುದಿಲ್ಲ. ವಿಭೂತಿ ಹಚ್ಚಿ, ಬಟ್ಟೆ ಸುತ್ತಿ, ಹೊಗೆ ತಾಗುವ ಜಗುಲಿಯ ಮೇಲೆ ಇಟ್ಟ ಕಾರಣಕ್ಕೇ ಎಷ್ಟೋ ಕಟ್ಟುಗಳು ಹುಳುವಿನಿಂದ, ಒಲೆಯ ಬೆಂಕಿಯಿಂದ ಪಾರಾಗಿವೆ. ಅಜ್ಜಿಯಂಥವರು ಕಾಯ್ದಿರದಿದ್ದರೆ ಚನ್ನಪ್ಪನವರಂಥವರಿಗೆ ಓದಲು ಏನೂ ಸಿಗುತ್ತಿರಲಿಲ್ಲ. ಆದರೆ ಕಾಯುವ ಕೈ ಮತ್ತು ಓದುವ ಕಣ್ಣು ಒಂದನ್ನೊಂದು ಸಂಧಿಸಬೇಕು. ಹಡಗಲಿಯಿಂದ ಹೊಳೆಯ ಗುಂಟ ಹೋದರೆ ಹಂಪೆ. ಆ ವಿರಕ್ತರು ದುಡಿದ ನೆಲದಲ್ಲೇ 1991ರಿಂದ ಕನ್ನಡ ವಿಶ್ವವಿದ್ಯಾಲಯ ಇದೆ, ಹಸ್ತಪ್ರತಿಗಳಿಗೆಂದೇ ಅಲ್ಲಿ ಒಂದು ವಿಭಾಗ ಇದೆ. ಮನೆಯ ಕಟ್ಟನ್ನು ಯಾರಿಗೂ ಕೊಡಬೇಕಿಲ್ಲ. ಓದಬಲ್ಲವರನ್ನು ಮನೆಗೆ ಕರೆದು, ಗರಿಗರಿಯ ಚಿತ್ರ ತೆಗೆಸಿ, ಮತ್ತೆ ಅದೇ ಕೆಂಪು ಬಟ್ಟೆಯಲ್ಲಿ ಸುತ್ತಿ ಜಗುಲಿಗೆ ಏರಿಸಬಹುದು.

ಅವತ್ತು ಆ ಮನೆಯಲ್ಲಿ ಒಂದು ತಾಸು ಒದ್ದಾಡಿ, ಒಂದು ಗರಿಯ ಅಂಚಿನಲ್ಲಿ ‘ಬಸವಣ್ಣ’ ಎಂಬ ನಾಲ್ಕಕ್ಷರವನ್ನು ಮಾತ್ರ ಖಚಿತವಾಗಿ ಗುರುತಿಸಿದೆ. ಬೆರಳಿಟ್ಟು ತೋರಿಸಿದೆ. ಅಜ್ಜಿ ಬಗ್ಗಿ, ಅಕ್ಷರ ಬಾರದ ಕಣ್ಣಿನಿಂದ ಆ ಜಾಗವನ್ನೇ ಬಹಳ ಹೊತ್ತು ನೋಡಿದರು. ಆಮೇಲೆ ಗಂಟನ್ನು ಕಟ್ಟಲು ಬಿಡದೆ, ‘ಇನ್ನಷ್ಟು ಓದಪ್ಪಾ’ ಅಂದರು.